ಎಂಜೆಮಾಳ ಬಾಲವಿಲ್ಲದ ಗಂಟು

ನಮ್ಮ ಟಿಕೋ ಊರಿನಲ್ಲಿ ಎಂಜೆಮಾ ಕಟ್ಟಿದ ಗಂಟನ್ನು ಅವಳಲ್ಲದೆ ಕೈಯಲ್ಲಿ ಬಿಚ್ಚಿದವರನ್ನು ನಾನು ಕಂಡಿಲ್ಲ. ಮೀನಿನ ಬುಟ್ಟಿಯಾಗಲಿ, ಮೇಕೆಯ ಹಗ್ಗವಾಗಲಿ, ಮೂರು ಸುತ್ತು ಸುತ್ತಿ ತುದಿಯನ್ನು ಒಳಗೆ ತೂರಿಸಿಬಿಡುತ್ತಾಳೆ. ಹೊರಗೆ ಬಾಲವೇ ಕಾಣುವುದಿಲ್ಲ. ಎಲ್ಲಿ ಹಿಡಿದು ಎಳೆಯಬೇಕೆಂದು ತಿಳಿಯದೆ ಜನ ಚಾಕು ಹುಡುಕುತ್ತಾರೆ. ಅದು ಅವಳ ತಾಯಿಯ ಗಂಟು.

ಅವಳ ಬಾಗಿಲಿಗೂ ನನ್ನ ಬಾಗಿಲಿಗೂ ಹನ್ನೊಂದು ಹೆಜ್ಜೆ. ನನ್ನ ಗಂಡ ತೀರಿಕೊಂಡ ವರ್ಷ ಆ ಮನೆಗೆ ಬಂದವಳು. ಈಗ ಹೊಗೆಯಲ್ಲಿ ಒಣಗಿಸಿದ ಮೀನು ಮಾರುತ್ತಾಳೆ. ಆಗ ಮಾರುತ್ತಿದ್ದದ್ದು ಮಿಯೊಂಡೊ. ನೆನೆಸಿದ ಮರಗೆಣಸನ್ನು ನುಣ್ಣಗೆ ಅರೆದು, ಬೆರಳಿನಷ್ಟು ಸಪೂರವಾಗಿ ಎಲೆಯಲ್ಲಿ ಸುತ್ತಿ, ನಾರಿನಿಂದ ಕಟ್ಟಿ ಬೇಯಿಸಿದರೆ ಮಿಯೊಂಡೊ. ಮುಂಗೋ ಸೇತುವೆಯ ಹತ್ತಿರ ಬಸ್ಸುಗಳು ನಿಧಾನವಾಗುತ್ತವಲ್ಲ, ಅಲ್ಲಿ ಕಿಟಕಿಯಿಂದ ಕಿಟಕಿಗೆ ಓಡಿ ಮಾರಬೇಕು. ಒಂದೇ ದೇಶವಾದರೂ ನದಿಯ ಈಚೆಗೆ ಇಂಗ್ಲಿಷ್ ಆಡುವ ನಾವು, ಆಚೆಗೆ ಫ್ರೆಂಚ್ ಆಡುವವರು.

ಆಚೆ ಕಡೆಯಿಂದ ಬಂದು ಎಂಜೆಮಾಳ ಪಕ್ಕದಲ್ಲಿ ಬುಟ್ಟಿ ಇಳಿಸಿದವಳು ಫಿಲೊಮೆನ್. ಇವಳಿಗೆ ಫ್ರೆಂಚ್ ಬಾರದು, ಅವಳಿಗೆ ಇಂಗ್ಲಿಷ್ ಬಾರದು. ಇಬ್ಬರಿಗೂ ಬರುತ್ತಿದ್ದದ್ದು ಸಂತೆಯ ಬೆರಕೆ ಮಾತಾದ ಪಿಜಿನ್, ಅದೂ ಅರ್ಧ. ಉಳಿದರ್ಧ ಕೈಸನ್ನೆ. ಅಷ್ಟರಲ್ಲೇ ಮೊದಲ ದಿನ ಜಗಳವಾಡಿದರು. ಫಿಲೊಮೆನ್ ಕಟ್ಟಿದ ಮಿಯೊಂಡೊ ಪಾತ್ರೆಯೊಳಗೇ ಬಿಚ್ಚಿಕೊಂಡು ಗಂಜಿಯಾಗುತ್ತಿತ್ತು, ಎಂಜೆಮಾ ನಕ್ಕಿದ್ದಳು. ಮೂರನೆಯ ವಾರ ಕನಿಕರ ಬಂದು ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ತಾಯಿಯ ಗಂಟನ್ನು ಕಲಿಸಿದಳು. ಬೇರೆ ಯಾರಿಗೂ ಕಲಿಸಿಲ್ಲ. ನಾನು ಕೇಳಿದರೂ ಕಲಿಸಿಲ್ಲ.

ಎಂಜೆಮಾಗೆ ದಿನ ತುಂಬುವ ಮೊದಲೇ ಸೇತುವೆಯ ಮೇಲೆ ನೋವು ಬಂತು. ಫಿಲೊಮೆನ್ ರಸ್ತೆಗೆ ಅಡ್ಡ ನಿಂತು ಬಾಳೆಗೊನೆಯ ಲಾರಿಯೊಂದನ್ನು ತಡೆದಳು. ಗೊನೆಗಳ ಮೇಲೆ ಇವಳನ್ನು ಮಲಗಿಸಿಕೊಂಡು ಆಸ್ಪತ್ರೆ ಮುಟ್ಟಿಸಿದಳು. ಹುಟ್ಟಿದ ಹೆಣ್ಣುಮಗುವಿಗೆ ಅವಳದೇ ಹೆಸರಾಯಿತು. ನಾವು ಫಿಲೊ ಎನ್ನುತ್ತೇವೆ. ಒಂದೇ ಹೆಸರಿನವರು ನಮ್ಮಲ್ಲಿ ಒಬ್ಬರನ್ನೊಬ್ಬರು 'ಎಂಬೊಂಬೊ' ಎಂದು ಕರೆಯುವುದು. ಮಗುವನ್ನು ನೋಡಲು ಹೋದ ದಿನ ಎಂಜೆಮಾ ಫಿಲೊಮೆನ್‌ಗೆ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ: "ಇವಳ ಮದುವೆ ದಿನ ಮೈಗೆ ಬಟ್ಟೆ ಸುತ್ತೋಳು ನೀನೇ. ಬೇರೆ ಯಾರೂ ಮುಟ್ಟಕೂಡದು."

ಫಿಲೊಗೆ ಹದಿಮೂರು ತುಂಬಿದಾಗ ಫಿಲೊಮೆನ್‌ಳ ಗಂಡನಿಗೆ ದೂರದ ತಾಳೆ ತೋಟದಲ್ಲಿ ಕೆಲಸ ಸಿಕ್ಕಿ ಸಂಸಾರವೆಲ್ಲ ಹೊರಟಿತು. ಅವಳ ಫೋನ್ ನಂಬರನ್ನು ಎಂಜೆಮಾ ಮೀನಿನ ಗುಡಿಸಲ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದುಕೊಂಡಳು. ಒಂದು ವರ್ಷ ಮಾತಾಡಿದರು. ಆಮೇಲೆ ಎಂಜೆಮಾಳ ಫೋನು ಮೀನಿನ ದೋಣಿಯಿಂದ ನೀರಿಗೆ ಬಿತ್ತು. ಹೊಸದು ಕೊಳ್ಳುವಷ್ಟರಲ್ಲಿ ಅತ್ತಲಿಂದ ಯಾರೂ ಎತ್ತದಂತಾಯಿತು. ಹಾಗೇ ಹತ್ತು ವರ್ಷ ಹೋಯಿತು.

ಕಳೆದ ವರ್ಷ ಲಿಂಬೆ ಎಂಬ ಊರಿನ ಹುಡುಗನೊಂದಿಗೆ ಫಿಲೊಗೆ ಮದುವೆ ಗೊತ್ತಾಯಿತು. ಹುಡುಗನ ಅಜ್ಜ ತೀರಿಕೊಂಡು ಒಮ್ಮೆ ಮುಂದಕ್ಕೆ ಹೋಗಿತ್ತು. ಇನ್ನೊಮ್ಮೆ ಮುಂದೂಡುವುದಿಲ್ಲವೆಂದು ಅವರ ಕಡೆಯವರು ಖಡಾಖಂಡಿತ ಹೇಳಿದ್ದರು. ಇಪ್ಪತ್ತಮೂರು ದಿನ ಉಳಿದಿತ್ತು. ಅವತ್ತು ಫಿಲೊ ಮೀನು ತಿರುವಿಹಾಕುತ್ತ ತಾಯಿಗೆ ಹೇಳಿದಳು: "ಎಂಬೊಂಬೊ ಬಂದು ಬಟ್ಟೆ ಸುತ್ತದೆ ನಾನು ಕೋಣೆಯಿಂದ ಆಚೆ ಬರಲ್ಲಮ್ಮ."

"ಅವಳು ಸಿಗದಿದ್ರೆ?"

"ಸಿಗೋವರೆಗೂ ನಿನ್ನ ಮೀನು ತಿಂದ್ಕೊಂಡು ಇಲ್ಲೇ ಇರ್ತೀನಿ. ಮಾತು ಕೊಟ್ಟೋಳು ನೀನು."

"ಕೇಳಿದ್ರಾ ಇಯಾ?" ಎಂದು ಎಂಜೆಮಾ ನನ್ನ ಕಡೆ ತಿರುಗಿದಳು. ನಮ್ಮಲ್ಲಿ ತಾಯಿಯಂಥವರಿಗೆಲ್ಲ ಇಯಾ. "ಹಠಾನೂ ಅವಳದೇ, ಹೆಸರಿನ ಜೊತೆ ಬಂದ್ಬಿಟ್ಟಿದೆ!"

ಮರುದಿನ ಗೋಡೆಯ ನಂಬರನ್ನು ಚೀಟಿಗೆ ಇಳಿಸಿಕೊಂಡು ಕೊಡೆಯ ಕೆಳಗೆ ಕೂತು ಫೋನ್ ಮಾಡಿಸಿಕೊಡುವ ಹೆಂಗಸಿನ ಹತ್ತಿರ ಹೋದೆವು. ಅವಳು ಚೀಟಿ ನೋಡಿ ಹಣೆ ಚಚ್ಚಿಕೊಂಡಳು. "ಇದು ಏಳಂಕಿ ಕಾಲದ್ದು ಇಯಾ. ಆಮೇಲೆ ಎಂಟಾಯ್ತು, ಈಗ ಒಂಬತ್ತು. ಮುಂದೆ ಎರಡು ಅಂಕಿ ಸೇರಿಸಿದ್ರೆ ಹೋದ್ರೂ ಹೋಗ್ಬಹುದು." ಸೇರಿಸಿದಳು. ಹೋಯಿತು. ಎತ್ತಿದವನು ಉತ್ತರದ ಮಾರುವಾ ಊರಿನ ಕಸಾಯಿ ಅಂಗಡಿಯವನು. ಅವನದು ಫ್ರೆಂಚ್, ಇವಳದು ಪಿಜಿನ್. ಕೊಡೆಯ ಹೆಂಗಸು ನಡುವೆ ನಿಂತು ಇಬ್ಬರಿಗೂ ತಿಳಿಸಿದಳು. ಅವನ ನಂಬರು ಅದು, ಆರು ವರ್ಷದಿಂದ. ಎಂಜೆಮಾ ನಂಬಲಿಲ್ಲ. ಮೂರು ದಿನ ಬಿಡದೆ ಮಾಡಿದಳು. ಮೂರನೆಯ ದಿನ ಇವಳು ಬಾಯಿ ತೆರೆಯುವ ಮೊದಲೇ ಅವನು, "ಫಿಲೊಮೆನ್ ಇವತ್ತೂ ಬಂದಿಲ್ಲ, ತಾಯಿ" ಎಂದನಂತೆ.

ಆಮೇಲೆ ರೇಡಿಯೋ. ನಮ್ಮ ಇಂಗ್ಲಿಷ್ ರೇಡಿಯೋದಲ್ಲಿ ಎರಡು ಭಾನುವಾರ ಪ್ರಕಟಣೆ ಓದಿಸಿದಳು. ಮುಂಗೋ ಸೇತುವೆಯಲ್ಲಿ ಮಿಯೊಂಡೊ ಮಾರುತ್ತಿದ್ದ ಫಿಲೊಮೆನ್ ಎಲ್ಲಿದ್ದರೂ ಟಿಕೋಗೆ ಬರಬೇಕು, ಎಂಜೆಮಾ ಕಾಯುತ್ತಿದ್ದಾಳೆ. ಪೂರ್ತಿ ಟಿಕೋ ಕೇಳಿತು. ಸಂತೆಯಲ್ಲಿ, "ಬಂದ್ಲಾ ನಿನ್ನ ಫಿಲೊಮೆನ್?" ಎಂದು ಎಲ್ಲರೂ ಕೇಳುವವರೇ. ಬರಬೇಕಾದವಳು ಬರಲಿಲ್ಲ.

"ಬೇಕೂಂತ್ಲೇ ಬರ್ತಿಲ್ಲ ಅವಳು," ಎಂದು ಎಂಜೆಮಾ ಮೀನುಗಳ ಮೇಲೆ ಸಿಟ್ಟು ತೀರಿಸಿಕೊಂಡಳು. "ದೊಡ್ಡ ಮನುಷ್ಯಳಾಗಿರ್ಬೇಕು."

ಮದುವೆಗೆ ಎಂಟು ದಿನ ಇರುವಾಗ ನಾನು ಕಣ್ಣು ತೋರಿಸಿಕೊಳ್ಳಲು ನದಿಯಾಚೆಯ ಡುವಾಲಾ ಪಟ್ಟಣಕ್ಕೆ ಹೋಗಿದ್ದೆ. ಬರುವಾಗ ದಾರಿಯ ಬೆಕೊಕೊ ಊರಿನಲ್ಲಿ ಬಸ್ಸಿನ ಕಿಟಕಿಯಿಂದ ಒಂದು ಕಟ್ಟು ಮಿಯೊಂಡೊ ಕೊಂಡೆ. ಸಂಜೆ ಅದರಲ್ಲಿ ನಾಲ್ಕನ್ನು ಎಂಜೆಮಾಗೆ ಕೊಟ್ಟೆ. ಅವಳು ಚಾಕು ಎತ್ತಿಕೊಂಡವಳು ಹಾಗೇ ನಿಂತಳು. ಮಿಯೊಂಡೊವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಇಯಾ, ಇದಕ್ಕೆ ಬಾಲ ಎಲ್ಲಿ?"

ನೋಡಿದೆ. ಬಾಲವಿರಲಿಲ್ಲ. ನಾಲ್ಕಕ್ಕೂ ಇರಲಿಲ್ಲ.

"ಎರಡನೇ ಸುತ್ತು ಸಡಿಲ," ಎಂದಳು. "ನೂರು ಸಲ ಹೇಳಿದ್ದೆ ಅವಳಿಗೆ, ಎರಡನೇ ಸುತ್ತು ಬಿಗಿ ಮಾಡೇ ಅಂತ."

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಹೊರಟೆವು. ಬೆಕೊಕೊದಲ್ಲಿ ನನಗೆ ಮಾರಿದ್ದ ಹೆಂಗಸು ಅದೇ ಜಾಗದಲ್ಲಿದ್ದಳು. ಫ್ರೆಂಚ್ ಬಿಟ್ಟರೆ ಬೇರೆ ಮಾತು ಬಾರದವಳು. ಎಂಜೆಮಾ ಫಿಲೊಮೆನ್ ಎಂದು ಕೂಗಿದರೆ, ಬಿಸಿಲಲ್ಲಿ ನಿಂತ ಈ ಮುದುಕಿಯರಿಗೆ ಏನೋ ಆಗಿದೆ ಎಂಬಂತೆ ಹಿಂದೆ ಸರಿದಳು. ಆಗ ಎಂಜೆಮಾ ರಸ್ತೆ ಬದಿಯಲ್ಲೇ ಕುಕ್ಕರಗಾಲಲ್ಲಿ ಕೂತು ಒಂದು ಮಿಯೊಂಡೊ ತೆಗೆದುಕೊಂಡಳು. ಉಗುರಿನಿಂದ ಒಂದು ಕಡೆ ಒತ್ತಿ ಗಂಟನ್ನು ಬಿಚ್ಚಿದಳು. ಮತ್ತೆ ಕಟ್ಟಿ ಕೈಗೆ ಕೊಟ್ಟಳು. ಆ ಹೆಂಗಸು ಬಾಯಿ ತೆರೆದುಕೊಂಡು ನೋಡಿದಳು. ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ, ಎಂಜೆಮಾಳ ರಟ್ಟೆ ಹಿಡಿದು, ಓಡುವುದೊಂದು ಬಾಕಿ. ಅವಳು ಫಿಲೊಮೆನ್‌ಳ ಸೊಸೆ. ಅತ್ತೆಯ ಹೆಸರು ಕೂಗುವ ಗುರುತಿಲ್ಲದವರನ್ನು ಕಂಡು ಮೊದಲು ಹೆದರಿದ್ದಳಂತೆ.

ಅವರ ಮನೆಯ ಹಿತ್ತಲಲ್ಲಿ ಫಿಲೊಮೆನ್ ಮಂಡಿಗೆ ಎಣ್ಣೆ ಹಚ್ಚಿಕೊಂಡು, ಸುತ್ತ ಎಲೆ ಹರಡಿಕೊಂಡು ಕೂತಿದ್ದಳು. ತಲೆ ಎತ್ತಿ ನೋಡಿದಳು. ಏಳಲಿಲ್ಲ.

"ಈಗ ಬಂದ್ಯಾ?" ಎಂದಳು, ಹಳೆಯ ಪಿಜಿನ್ನಿನಲ್ಲೇ. "ಇಲ್ಲಿಗೆ ವಾಪಸ್ ಬಂದು ನಾಲ್ಕು ತಿಂಗಳಾಯ್ತು. ಮಂಡಿ ಏಳಲ್ಲ. ಮೂರು ಭಾನುವಾರ ರೇಡಿಯೋದಲ್ಲಿ ಕೂಗಿಸ್ದೆ, ಟಿಕೋದ ಎಂಜೆಮಾ ಬರ್ಬೇಕು ಅಂತ! ಮುಖ ತೋರಿಸ್ಲಿಲ್ಲ ನೀನು."

"ಯಾವ ರೇಡಿಯೋ?"

"ಡುವಾಲಾದ್ದು. ಫ್ರೆಂಚಿಂದು. ಇನ್ಯಾವ್ದಿದೆ?"

"ನಾನೂ ಕೂಗಿಸಿದೀನಿ ಕಣೇ, ನಮ್ಮ ಇಂಗ್ಲಿಷಿಂದ್ರಲ್ಲಿ!"

"ಅದನ್ನ ಯಾರು ಕೇಳ್ತಾರೆ?"

"ನಿಂದನ್ನ ಯಾರು ಕೇಳ್ತಾರೆ?"

ಮೊದಲು ನಕ್ಕವಳು ನಾನು. ಆಮೇಲೆ ಅವರಿಬ್ಬರೂ ಎಲೆಗಳ ಮೇಲೇ ಕೂತು ನಕ್ಕರು, ಅತ್ತರು, ಮತ್ತೆ ನಕ್ಕರು. ಸೊಸೆಗೆ ಏನೂ ಅರ್ಥವಾಗದಿದ್ದರೂ ಅವಳೂ ಕಣ್ಣೊರೆಸಿಕೊಂಡಳು. ಆಮೇಲೆ ಎಲ್ಲರಿಗೂ ಸುಟ್ಟ ಮೀನು, ಮಿಯೊಂಡೊ.

ಮದುವೆಯ ದಿನ ಫಿಲೊಮೆನ್ ಕಾರಿನಿಂದ ಇಳಿದು ಕೋಲೂರಿಕೊಂಡು ಕೋಣೆಗೆ ಹೋದಳು. ಹೊರಗೆ ಗಂಡಿನ ಕಡೆಯವರು ಕಾಯುತ್ತಿದ್ದರು. ಅವಳಿಗೆ ಆತುರವಿರಲಿಲ್ಲ. ತನ್ನ ಎಂಬೊಂಬೊಳ ಸೊಂಟಕ್ಕೆ ಬಟ್ಟೆ ಸುತ್ತಿ, ಮೇಲೆ ದಾರ ಕಟ್ಟಿ, ತುದಿಯನ್ನು ಒಳಗೆ ತೂರಿಸಿದಳು. ಎಂಜೆಮಾ ಬಗ್ಗಿ ಬೆರಳಲ್ಲಿ ಒತ್ತಿ ನೋಡಿದಳು.

"ಎರಡನೇ ಸುತ್ತು ಬಿಗಿಯಾಗಿದೆ," ಎಂದಳು.

"ನಿನ್ನ ಬಾಯಿಗೆ ಹೆದರಿ," ಎಂದಳು ಫಿಲೊಮೆನ್.

ಫಿಲೊ ಕೋಣೆಯಿಂದ ಹೊರಗೆ ಬಂದಳು.

ಸೋಮವಾರ ಎಂಜೆಮಾ ಮಾರುವಾದ ಕಸಾಯಿ ಅಂಗಡಿಯವನಿಗೂ ಫೋನ್ ಮಾಡಿಸಿ ಫಿಲೊಮೆನ್ ಸಿಕ್ಕಳೆಂದು ತಿಳಿಸಿದಳು. ಅವನು ಅಂಗಡಿಯಲ್ಲಿದ್ದವರಿಗೆಲ್ಲ ಕೂಗಿ ಹೇಳಿದ್ದು ನಮಗೆ ಇಲ್ಲಿಗೇ ಕೇಳಿಸಿತು. ಆಮೇಲೆ ಗುಡಿಸಲ ಗೋಡೆಯ ಇದ್ದಿಲ ಗುರುತನ್ನು ಒರೆಸಿ, ನೀಲಿ ಬಣ್ಣದಲ್ಲಿ ಫಿಲೊಮೆನ್‌ಳ ಹೊಸ ನಂಬರು ಬರೆಸಿದಳು. ಒಂಬತ್ತಂಕಿ. ಅದರ ಮುಂದೆ ಎರಡು ಬೆರಳಷ್ಟು ಜಾಗ ಖಾಲಿ ಬಿಡಿಸಿದಳು. ಸರ್ಕಾರದವರು ಇನ್ನೊಂದು ಅಂಕಿ ಸೇರಿಸಿದರೆ ಇರಲಿ ಎಂದು.