ವಾರಿಜಾಳ ಮದುವೆಗೆ ಕರೆದದ್ದು

ಬೆಳಿಗ್ಗೆ ಹಳೆಯ ಹೆಗಲಚೀಲ ಕೊಡವಿದೆ. ಮೊದಲು ಅರಿಶಿನದ ಘಮಲು ಬಂತು, ಅದರ ಹಿಂದೆ ಒಂದು ಲಗ್ನಪತ್ರಿಕೆ ಬಿತ್ತು. ವಧುವಿನ ಹೆಸರು ವಾರಿಜಾ. ನೆಂಟರ ಹುಡುಗಿ ಅಂದುಕೊಳ್ಳಬೇಡಿ. ಆಕೆ ಹುಟ್ಟಿದ್ದೂ ಬೆಳೆದದ್ದೂ ಟಿವಿಯೊಳಗೆ.

ಹೊಸೂರು ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಪ್ರಚಾರದ ಅಂಗಡಿ. ಬ್ಯಾನರ್ ಕಟ್ಟಿಸುತ್ತೇನೆ, ಆಟೋಗೆ ಮೈಕು ಹಾಕಿ ಮೂರು ಭಾಷೆಯಲ್ಲಿ ಕೂಗಿಸುತ್ತೇನೆ. ಊರನ್ನೆಲ್ಲ ಒಪ್ಪಿಸುವ ನನ್ನ ಮಾತು ಮನೆಯಲ್ಲಿ ಮಾತ್ರ ಒಂದು ಭಾಷೆಯಲ್ಲೂ ನಡೆಯುವುದಿಲ್ಲ, ಅದು ಬೇರೆ ವಿಷಯ. ಕೆಲವು ವರ್ಷದ ಹಿಂದೆ ಬೆಂಗಳೂರಿನ ಏಜೆನ್ಸಿಯವರು ಕಟ್ಟುಗಟ್ಟಲೆ ಈ ಪತ್ರಿಕೆ ಕಳಿಸಿದರು. ನಾನು ಕಾಲೇಜಿಗೆ ಹೋಗುವಾಗ ಶುರುವಾಗಿದ್ದ ಧಾರಾವಾಹಿಯ ಕೊನೆಯ ಸೀಸನ್ ಅದು. ಕಡೇ ದಿನ ವಾರಿಜಾಳ ಮದುವೆ. ಮನೆಮನೆಗೆ ಪತ್ರಿಕೆ ಹೋಗಬೇಕು, ಆ ಸಂಜೆ ಮನೆಮನೆಯಲ್ಲೂ ಟಿವಿ ಹಾಕಿರಬೇಕು ಎಂದರು.

ಪಕ್ಕದ ಊರು ಮತ್ತಿಗಿರಿಯ ಪಾಲಿನ ಕಟ್ಟನ್ನು ಅಲ್ಲೇ ಇರುವ ನಮ್ಮ ದೊಡ್ಡಮ್ಮನ ಕೈಗಿಟ್ಟೆ.

"ಸೀಸನ್ ಅಂದ್ರೆ ಮಾವಿನ್ಕಾಯ್ದಲ್ವೇನ್ಲಾ?" ಎಂದು ಶುರುಮಾಡಿದವಳು, ಬಾಗಿಲ ಸಂದಿಗೆ ಹಾಕಿ ಬಂದರೆ ಸಾಕು ಅಂದಾಗ ಕೆರಳಿದಳು. "ಲಗ್ನಪತ್ರಿಕೆ ಎಸೆದ್ಬುಟ್ಟು ಬರಾಕೆ ಅದೇನು ಪೇಪರ್ರಾ? ಕುಂಕುಮ ಇಟ್ಟು ಕರೀಬೇಕು ಕಣ್ಲಾ. ಚೀಲ ಹಿಡ್ಕೊ, ನಡಿ."

ಪತ್ರಿಕೆಯ ಮೂಲೆಗಳಿಗೆಲ್ಲ ಅರಿಶಿನ ಬಿತ್ತು. ಹೋದ ಮನೆಯಲ್ಲೆಲ್ಲ ಚಾಪೆ, ಕಾಫಿ, ವಾರಿಜಾಳ ಗುಣಗಾನ. ಮಧ್ಯಾಹ್ನದ ಹೊತ್ತಿಗೆ ನನ್ನ ಹೊಟ್ಟೆ ತುಂಬಿತ್ತು, ಅರ್ಧ ಬೀದಿಯೂ ಮುಗಿದಿರಲಿಲ್ಲ.

ಕೊನೆಗೆ ಉಳಿದದ್ದು ಪಕ್ಕದ ಮನೆ, ಸೆಲ್ವಿಯಕ್ಕನದು. ತಮಿಳಿನವರಾದ ಆಕೆಗೆ ಈ ಧಾರಾವಾಹಿಯ ಹುಚ್ಚು ಹಿಡಿಸಿದವಳೇ ದೊಡ್ಡಮ್ಮ. ವರ್ಷಗಟ್ಟಲೆ ಒಂದೇ ಚಾಪೆಯಲ್ಲಿ ಕೂತು ನೋಡಿದ್ದರು. ಒಂದು ದಿನ, ಧಾರಾವಾಹಿಯಲ್ಲಿ ವಾರಿಜಾಳ ಮದುವೆಗೆ ಹುಡುಗನ ತಾಯಿ ಅಡ್ಡ ನಿಂತಳೆಂದು ದೊಡ್ಡಮ್ಮ ಬೈಯುತ್ತಿದ್ದಾಗ ಸೆಲ್ವಿಯಕ್ಕ, "ಹೆತ್ತವಳಲ್ವಾ ಅಕ್ಕಾ, ಅವಳೂ ಪಾವಂ" ಎಂದುಬಿಟ್ಟರು. "ಪಾಪವಂತೆ ಪಾಪ! ಇನ್ನೇನು, ಅವಳ ಮನೇಗೇ ಹೋಗಿ ಕೂತ್ಕೊ" ಎಂದಳು ದೊಡ್ಡಮ್ಮ. ಮಾತು ಅಲ್ಲಿಗೆ ನಿಂತಿತು. ಅಂದಿನಿಂದ ಗೋಡೆಯ ಆಚೆಗೊಂದು ಈಚೆಗೊಂದು ಟಿವಿ ಒಂದೇ ಡೈಲಾಗ್ ಹೇಳುತ್ತಿದ್ದವು. ಬಾಯಿಬಿಟ್ಟು ಹೇಳದಿದ್ದರೂ ದೊಡ್ಡಮ್ಮ ಸೊರಗಿದ್ದಳು. ಧಾರಾವಾಹಿ ಮುಗಿದರೆ ಆ ಗೋಡೆಯ ಸದ್ದೂ ಇಲ್ಲವಾಗುತ್ತದೆ ಎಂಬ ಅಳುಕು ಅವಳಿಗಿತ್ತೆಂದು ನನಗೆ ಗೊತ್ತಿತ್ತು.

"ಈ ಮನೆ ಬಿಟ್ಟುಬಿಡೋಣ" ಅಂದೆ.

"ಮದ್ವೆಗೆ ಕರೆಯುವಾಗ ನಡುವೆ ಒಂದ್ಮನೆ ಬಿಡ್ತಾರೇನ್ಲಾ?" ಅಂದಳು. ಕುಂಕುಮದ ಭರಣಿ ಹಿಡಿದು ತಾನೇ ಬಾಗಿಲು ತಟ್ಟಿದಳು.

ಸೆಲ್ವಿಯಕ್ಕ ಬಾಗಿಲು ತೆರೆದರು. ದೊಡ್ಡಮ್ಮ ಪತ್ರಿಕೆ ಚಾಚಿದಳು. "ನಮ್ಮ ಹುಡುಗಿ ಮದ್ವೆ. ನಮ್ಮನೆಗೇ ಬರ್ಬೇಕು."

ಸೆಲ್ವಿಯಕ್ಕ ಪತ್ರಿಕೆಯನ್ನು ಹಿಂದೆ ಮುಂದೆ ನೋಡಿದರು. "ನೀವು ಹೆಣ್ಣಿನ ಕಡೆ. ನಾನು ಗಂಡಿನ ಕಡೆಯವಳಾಗಿ ಬತ್ತೀನಿ, ಆಗ್ಬೋದಾ?"

"ಬಾರವ್ವಾ, ಹಂಗಾದ್ರೂ ಬಾ" ಎಂದು ದೊಡ್ಡಮ್ಮ ಕುಂಕುಮ ಇಟ್ಟಳು.

ಮದುವೆಯ ಸಂಜೆ ಏಜೆನ್ಸಿಯ ಹುಡುಗ, ಟಿವಿ ಹಾಕಿರುವ ಮನೆಗಳ ಫೋಟೋ ಬೇಕೆಂದ. ಬೀದಿಗೆ ಹೋದರೆ ಸಾಲುಸಾಲು ಬೀಗ! ಕರೆದವರ ಮನೆಗೆ ತಾನೇ ಮದುವೆಗೆ ಬರುವುದು? ಇಡೀ ಬೀದಿ ದೊಡ್ಡಮ್ಮನ ನಡುಮನೆಯಲ್ಲಿತ್ತು. ಬಾಗಿಲಲ್ಲಿ ಗುಡ್ಡೆ ಬಿದ್ದಿದ್ದ ಚಪ್ಪಲಿಗಳ ಫೋಟೋವನ್ನೇ ಕಳಿಸಿದೆ. "ಸಾರ್, ಟಿವಿ ಎಲ್ಲಿ?" ಎಂದು ಉತ್ತರ ಬಂತು.

ಒಳಗೆ ತಾಳಿ ಕಟ್ಟುವ ಹೊತ್ತಿಗೆ ಟಿವಿಯ ಮೇಲೆ ಅಕ್ಷತೆಯ ಮಳೆ. ಸೆಲ್ವಿಯಕ್ಕ ರೇಷ್ಮೆಸೀರೆ ಉಟ್ಟು, ಹಣ್ಣಿನ ತಟ್ಟೆ ಹಿಡಿದು ಬೀಗಿತ್ತಿಯ ಗತ್ತಿನಲ್ಲಿ ಕೂತಿದ್ದರು. ಹುಡುಗನ ತಾಯಿ ವಾರಿಜಾಳನ್ನು ತಬ್ಬಿಕೊಂಡಾಗ ದೊಡ್ಡಮ್ಮನೂ ಸೆಲ್ವಿಯಕ್ಕನೂ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ಅಂತೂ ನಿಮ್ ಕಡೆಯೋರು ಒಪ್ಕೊಂಡ್ರಲ್ಲ" ಎಂದಳು ದೊಡ್ಡಮ್ಮ.

"ಯಾರಾದ್ರೂ ಬಂದು ಕರೀಬೇಕಲ್ಲಾ ಅಕ್ಕಾ" ಎಂದರು ಸೆಲ್ವಿಯಕ್ಕ.

ನನಗೂ ಕಣ್ಣು ತುಂಬಿತ್ತು. ಕೇಸರಿಬಾತಿನ ಬಿಸಿ ಅಂತ ಹೇಳಿ ಪಾರಾದೆ.

ಇವತ್ತು ಚೀಲ ಕೊಡವಿದ್ದು ಸುಮ್ಮನಲ್ಲ. ಅದೇ ಏಜೆನ್ಸಿಯಿಂದ ಮತ್ತೆ ಫೋನ್ ಬಂದಿತ್ತು. ಇನ್ನೊಂದು ಧಾರಾವಾಹಿ ಮುಗಿಯುತ್ತಿದೆಯಂತೆ. ಈ ಸಲ ಸೀಮಂತದ ಕಾರ್ಡು, ಕಟ್ಟು ಆಗಲೇ ಅಂಗಡಿಗೆ ಬಂದಿತ್ತು. "ದಯವಿಟ್ಟು ಬಾಗಿಲಿಗೆ ಹಾಕಿ ಬಂದುಬಿಡಿ ಸಾರ್" ಎಂದ ಆ ಹುಡುಗ. ಹೂಂ ಅಂದೆ.

ಸಂಜೆ ಮತ್ತಿಗಿರಿಗೆ ಹೋದೆ. ದೊಡ್ಡಮ್ಮನ ಮನೆಗೆ ಬೀಗ. ಪಕ್ಕದ ಮನೆಯಿಂದ ಇಬ್ಬರ ಜೋರು ವಾಗ್ವಾದ ಕೇಳುತ್ತಿತ್ತು. ಆ ಧಾರಾವಾಹಿಯ ಬಸುರಿಗೆ ಹೆಣ್ಣೋ ಗಂಡೋ ಎಂದು. ಕಾರ್ಡನ್ನು ಬಾಗಿಲ ಸಂದಿಗೆ ಹಾಕಲು ಬಗ್ಗಿದವನಿಗೆ ಕೈ ಬರಲಿಲ್ಲ. ಒಳಗೆ ಹೋಗಿ, "ಸೀಮಂತ ಇದೆ, ಬರಬೇಕು" ಅಂದೆ.

"ಬರಿಗೈಲಿ ಕರೀತಾರೇನ್ಲಾ?" ಎಂದು ದೊಡ್ಡಮ್ಮ ಎದ್ದಳು.

"ಇರಿ ಅಕ್ಕಾ, ಸೀರೆ ಬದಲಾಯಿಸ್ಕೊಂಡು ನಾನೂ ಬತ್ತೀನಿ. ಈ ಸಲ ಎಲ್ರೂ ನಮ್ಮನೆ ಟಿವಿಗೆ" ಎಂದರು ಸೆಲ್ವಿಯಕ್ಕ.

ಏಜೆನ್ಸಿಯವರಿಗೆ ಈ ಸಲವೂ ಒಂದೇ ಟಿವಿ ಗತಿ. ಇಬ್ಬರೂ ಹೊರಟು ನಿಂತಾಗ ಕುಂಕುಮದ ಭರಣಿಯನ್ನು ನಾನೇ ಎತ್ತಿಕೊಂಡೆ.