ನೂರು ಎಲೆಗಳ ಲೆಕ್ಕ

ಬೆಳಗಿನ ಐದೂವರೆ. ಯುಎಇಯ ಅಲ್ ಐನ್ ನಗರದ ಹೊರವಲಯದ ನಿಂಬೆ ತೋಟದಲ್ಲಿ ಸಂಗಪ್ಪ ಒಂದು ಎಲೆ ಹಿಡಿದು, ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು ನಿಂತಿದ್ದಾರೆ. ನಡುನರದ ಗುಂಟ ಕೆಂಪು ಚುಕ್ಕಿಗಳು ಹರಿದಾಡುತ್ತಿವೆ. ಅದು ನುಸಿ, ಎಲೆಯ ರಸ ಹೀರಿ ಮರವನ್ನು ಬಿಳಿಚಿಸುವ, ಬರಿಗಣ್ಣಿಗೆ ಧೂಳಿನಂತೆ ಕಾಣುವ ಜೀವಿ. ಅವರ ಕೆಲಸದ ಬಗ್ಗೆ ಬರೆಯಲು ಬಂದ ನಾನು ಎರಡು ಸಲ ಎಣಿಸಿದರೂ ಒಂಬತ್ತು. ಅವರದು ಆರು.

“ಮೂರು ಬರೇ ಪೊರಿ ಅದಾವ್ರಿ. ಹುಳ ಕಳದಿಟ್ಟ ಅಂಗಿ. ಊದ್ರಿ, ಹಾರ್ತಾವ.”

ಊದಿದೆ. ಹಾರಿದವು.

ಇಂಡಿ ತಾಲ್ಲೂಕಿನ ಸಂಗಪ್ಪ ಹನ್ನೊಂದು ವರ್ಷದ ಹಿಂದೆ ಇಲ್ಲಿಗೆ ಬಂದದ್ದು ಮರಗಳಿಗೆ ನೀರು ಬಿಡಲು. ಈಗ ವಾರಕ್ಕೊಮ್ಮೆ ಇಪ್ಪತ್ತು ಮರ ಆರಿಸಿ, ಮರಕ್ಕೆ ಐದು ಎಲೆಯಂತೆ ನುಸಿ ಎಣಿಸುತ್ತಾರೆ. ಎಲೆಗೆ ಸರಾಸರಿ ಐದು ದಾಟಿದರೆ ಔಷಧ ಹೊಡೆಯುವುದು ಈ ತೋಟದ ನಿಯಮ. ಕಳೆದ ವಾರ ನೂರು ಎಲೆಗೆ 290 ಇತ್ತು. ಇಂದು ಎಣಿಸಿ ಮುಗಿದಾಗ 412: ಮಿತಿಯಾದ 500 ದಾಟಿಲ್ಲ, ಆದರೆ ಏರಿದೆ.

ಎರಡು ವರ್ಷದ ಹಿಂದೆ ಅವರು ತಪ್ಪು ಮಾಡಿದ್ದರು. ಪಂಪ್‌ಮನೆಗೆ ಹತ್ತಿರವೆಂದು ಸದಾ ರಸ್ತೆಬದಿಯ ಸಾಲಿನಲ್ಲೇ ಎಣಿಸುತ್ತಿದ್ದರು. ಲಾರಿಗಳ ಧೂಳು ಕೂತ ಎಲೆಯಲ್ಲಿ ನುಸಿ ಹೆಚ್ಚು. ಆ ಲೆಕ್ಕ ನಂಬಿ ಇಡೀ ತೋಟಕ್ಕೆ ಮೂರು ಸಲ ಔಷಧ ಹೊಡೆದರು. ಕೆಂಪು ನುಸಿಯನ್ನು ತಿನ್ನುವ ಬಿಳಿ ನುಸಿಯೂ ಸತ್ತಿತು. ತಿಂಗಳೊಳಗೆ ಕೆಂಪು ನುಸಿ ದುಪ್ಪಟ್ಟಾಗಿ ಎಲೆ ಉದುರಿತು.

“ಯಾರಿಗೂ ಗೊತ್ತಾಗಿರಲಿಲ್ರಿ. ನಾನ ಹೋಗಿ ಹೇಳಿದೆ. ಹೇಳದಿದ್ರ ಮತ್ತ ಹೊಡೀತಿದ್ರು.”

ಅಂದಿನಿಂದ ಚೀಟಿ ಎತ್ತಿಯೇ ಮರ ಆರಿಸುತ್ತಾರೆ. ಬಿಳಿ ನುಸಿಯನ್ನೂ ಎಣಿಸುತ್ತಾರೆ. ಇಂದು ಅದು ನೂರರಲ್ಲಿ ಮೂವತ್ತನಾಲ್ಕು ಎಲೆಗಳಲ್ಲಿದೆ; ಕೆಂಪನ್ನು ತಿಂದು ಇಳಿಸಲು ಅಷ್ಟು ಸಾಕೆಂಬುದು ಅವರ ಅಂದಾಜು.

ಏಳು ಗಂಟೆಗೆ ಮೇಲ್ವಿಚಾರಕ ಲಿಯೊನೆಲ್ ಬರುತ್ತಾರೆ, ಮಂಗಳೂರಿನವರು. ಮಿತಿ ದಾಟುವವರೆಗೆ ಕಾಯದೆ ಇವತ್ತೇ ಔಷಧ ಹೊಡೆಯಲು ಮಾಲೀಕರು ಹೇಳಿದ್ದಾರೆ.

“ಎಂತ ಮಾರಾಯ, ನಿನ್ನ ನುಸಿಗೆ ರಜೆ ಇಲ್ವಾ? ಇನ್ನೊಂದು ವಾರ ಬಿಟ್ರೆ ಕಾಯಿ ಖಲಾಸ್.”

“ಬಿಳಿಯವು ಬೆನ್ನ ಹತ್ಯಾವ್ರಿ. ಒಂದ ವಾರ ತಡೀರಿ.”

“ತಪ್ಪಿದ್ರೆ? ಮುಂದಿನ ತಿಂಗಳು ನಿನ್ನ ವೀಸಾ ರಿನ್ಯೂವಲ್ ಉಂಟು.”

“ಗೊತ್ತೈತ್ರಿ.”

ಲಿಯೊನೆಲ್ ಎಣಿಕೆಯ ಕಾಗದದ ಮೇಲೆ ಕಣ್ಣಾಡಿಸುತ್ತಾರೆ. ಆಮೇಲೆ ಔಷಧದ ಟ್ಯಾಂಕರ್ ತಂದ ಚಾಲಕನಿಗೆ ವಾಪಸು ಹೋಗಲು ಕೈಬೀಸುತ್ತಾರೆ. ಮಾಲೀಕರಿಗೆ ಉತ್ತರ ಕೊಡಬೇಕಾದವರು ಅವರೇ.

ಅಷ್ಟಕ್ಕೇ ಬರೆದು ಮುಗಿಸಲು ಮನಸ್ಸಾಗದೆ ಮುಂದಿನ ವಾರ ಫೋನ್ ಮಾಡುತ್ತೇನೆ. 236, ಎನ್ನುತ್ತಾರೆ ಸಂಗಪ್ಪ. ಬೇರೆ ಇಪ್ಪತ್ತು ಮರ ಆರಿಸಿ ಮತ್ತೊಮ್ಮೆ ಎಣಿಸಿದ್ದಾರೆ: 241. ಔಷಧ ಹೊಡೆದಿಲ್ಲ.

ಖುಷಿಯಾಯಿತೇ ಎಂದರೆ ಊರಿನ ಮಾತು ತೆಗೆಯುತ್ತಾರೆ. ಅಲ್ಲಿ ಅಣ್ಣನಿಗೆ ಅರ್ಧ ಎಕರೆ ನಿಂಬೆ ಇದೆ. “ನುಸಿ ಕಂಡಕೂಡ್ಲೆ ಪಂಪ್ ಬೆನ್ನಿಗೇರಸ್ತಾನ್ರಿ ಅಂವಾ. ಫೋನ್‌ನಾಗ ಹೇಳಿದ್ರ ಕೇಳಂಗಿಲ್ಲ. ಈ ಸಲ ರಜಾಕ್ಕ ಹೋದಾಗ ಭೂತಗನ್ನಡಿ ಅವನ ಕೈಯಾಗ ಕೊಟ್ಟು, ಒಂದ ಎಲಿ ಎಣಸು ಅಂತೀನಿ. ಒಂದ ಎಲಿ ಸಾಕು.”