ಗೊಂಬೆಗಳ ಕೆಳಗೊಂದು ಗಣಿ

ಈಗಷ್ಟೇ ಸಾರಿನ ಸೌಟು ತೊಳೆಯಲು ಹೋಗಿ ಮುಖ, ಕನ್ನಡಕ, ಗೋಡೆ ಎಲ್ಲವನ್ನೂ ತೊಳೆದೆ. ನಲ್ಲಿ ನೀರು ಸೌಟಿನ ಗುಂಡಿಗೆ ಬಿದ್ದರೆ ಎಷ್ಟು ಜೋರಾಗಿ ತಳ್ಳುತ್ತದೆ ಅನ್ನುವುದು ನಿಮಗೂ ಗೊತ್ತಿರಬೇಕು. ನನಗೆ ಕೋಪದ ಬದಲು ನಗು ಬಂತು. ವತ್ಸಲಾ ಆಂಟಿ ನೆನಪಾದರು.

ಆಗ ಸಿಂಗಪುರದ ಪಾಸಿರ್ ರಿಸ್‌ನಲ್ಲಿ ನಮ್ಮ ಮೇಲಿನ ಮನೆ ಅವರದು. ಊರು ಮೈಸೂರು, ಪಾಠ ಹೇಳುತ್ತಿದ್ದದ್ದು ಯಂತ್ರಗಳ ಇತಿಹಾಸ. ಎರಡು ಸಾವಿರದ ದಶಕದ ಮಧ್ಯದ ಮಾತು. ಅಲ್ಲಿ ಎಲ್ಲರ ಬಾಯಲ್ಲೂ ಕಾಂಡೊ ಫ್ಲ್ಯಾಟುಗಳ ಬೆಲೆ. ಆಂಟಿಗೆ ಮಾತ್ರ ಶತಮಾನಗಳ ಹಿಂದಿನ ಜರ್ಮನಿಯ ಬೆಳ್ಳಿ ಗಣಿಗಳದೇ ಧ್ಯಾನ. ಹೊಳೆ ನೀರನ್ನು ಕಾಲುವೆಯಲ್ಲಿ ತಂದು ಮರದ ಚಕ್ರದ ಮೇಲೆ ಬಿಟ್ಟು, ಆ ಬಲದಿಂದಲೇ ಅದಿರು ಎತ್ತುತ್ತಿದ್ದರಂತೆ. ಒಂದೇ ಚಕ್ರಕ್ಕೆ ಎರಡು ಸಾಲು ಡಬ್ಬಿ, ಒಂದೊಂದರ ಮುಖ ಒಂದೊಂದು ದಿಕ್ಕಿಗೆ. ಈ ಸಾಲಿಗೆ ನೀರು ಬಿಟ್ಟರೆ ಅದಿರಿನ ತೊಟ್ಟಿ ಮೇಲೆ, ಆ ಸಾಲಿಗೆ ಬಿಟ್ಟರೆ ಕೆಳಗೆ. ಎಂಥ ತಲೆ ನೋಡಿ! ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದ ಆ ಚಕ್ರವನ್ನು ನೋಡಲು ಆಂಟಿ ಟಿಕೆಟ್ ಬುಕ್ ಮಾಡಿದ್ದರು. ಮಂಡಿ ಆಪರೇಷನ್ ಆಗಿ ಪ್ರಯಾಣ ತಪ್ಪಿತು.

“ತಿರುಗೋದನ್ನ ಒಂದ್ಸಲ ಕಣ್ಣಾರೆ ನೋಡ್ಬೇಕಿತ್ತು ಕಣೇ,” ಅಂದರು.

ಈ ದಸರೆಗೆ ನಿಮ್ಮ ಗೊಂಬೆಗಳ ಮುಂದೆ ಪಾರ್ಕಿನ ಬದಲು ಗಣಿ ಮಾಡೋಣ ಎಂದುಬಿಟ್ಟೆ.

ಸೆಲೆಟಾರ್‌ನ ವರ್ಕ್‌ಶಾಪಿನಲ್ಲಿ ವಿಮಾನದ ಎಂಜಿನ್ ಬಿಚ್ಚಿ ಜೋಡಿಸುವವಳು ನಾನು, ಜಂಬ ಕೇಳಬೇಕೆ? ಐಸ್‌ಕ್ರೀಮ್ ಕಪ್ಪುಗಳ ಚಕ್ರಕ್ಕೆ ಬೆಣ್ಣೆಯಂಥ ಬೇರಿಂಗ್ ಹಾಕಿದೆ. ಬೀರುವಿನ ಮೇಲೆ ಬಕೆಟ್, ಅದರಿಂದ ಕಪ್ಪಿನ ಸಾಲಿಗೊಂದರಂತೆ ಎರಡು ಪೈಪು, ನೀರು ತಡೆಯಲು ಎರಡಕ್ಕೂ ಕ್ಲಿಪ್ಪು. ಚಕ್ರ ದಾರ ಸುತ್ತಿದಂತೆ ಪುಟ್ಟ ತೊಟ್ಟಿಯೊಂದು ಮಕ್ಕಳಿಗೆ ಹಂಚುವ ಕೊಬ್ಬರಿಮಿಠಾಯಿ ಹೊತ್ತು ಗೊಂಬೆಯ ಮೆಟ್ಟಿಲ ಪಕ್ಕದಲ್ಲೇ ಮೇಲೇರಬೇಕು.

ದಸರೆಯ ಸಂಜೆ ಆಂಟಿ ಮನೆ ತುಂಬ ಜನ. ಒಂದು ಕ್ಲಿಪ್ ತೆಗೆದೆ. ತಿರುಗಿತು! ತೊಟ್ಟಿ ಏರಿತು, ಮಕ್ಕಳು ಕುಣಿದರು. ಆದರೆ ಕ್ಲಿಪ್ ಹಾಕಿದರೂ ಚಕ್ರ ನಿಲ್ಲಲಿಲ್ಲ. ನನ್ನ ಬೇರಿಂಗ್ ಅಷ್ಟು ಚೆನ್ನಾಗಿತ್ತು. ಮೇಲಿನ ಮೆಟ್ಟಿಲಲ್ಲಿ ಆಂಟಿಗೆ ಅವರ ತಾಯಿ ಕೊಟ್ಟ ಪಟ್ಟದ ರಾಜ ರಾಣಿ ಗೊಂಬೆ. ತೊಟ್ಟಿ ನೇರ ಅವರ ಮೇಲೇ ಹೊರಟಿತ್ತು. ನಾನು ಬೆಪ್ಪಾಗಿ ನಿಂತೆ. ಕುರ್ಚಿಯಲ್ಲಿದ್ದ ಆಂಟಿ ಕೋಲನ್ನೂ ಮರೆತು ಎದ್ದು ಬಂದು ಇನ್ನೊಂದು ಕ್ಲಿಪ್ ಕಿತ್ತರು. ಎದುರು ಸಾಲಿಗೆ ನೀರು ಬಿತ್ತು. ಚಕ್ರ ತಡವರಿಸಿತು, ನಿಂತಿತು, ಮೆಲ್ಲಗೆ ಹಿಂದಕ್ಕೆ ತಿರುಗಿತು.

“ಅಷ್ಟು ವರ್ಷ ಹೇಳ್ಕೊಟ್ಟಿದ್ದು ನಿಜ ಕಣೇ,” ಅಂದರು ಆಂಟಿ. ಕಣ್ಣಲ್ಲಿ ನೀರು. “ಅಗೇನ್ ಲಾ, ಆಂಟಿ,” ಅಂತ ತಮ್ಮ ಸಿಂಗಪುರ ಇಂಗ್ಲಿಷಿನಲ್ಲಿ ಗೋಗರೆಯುತ್ತ ಮಕ್ಕಳು ಸೀರೆ ಜಗ್ಗುತ್ತಿದ್ದರು.

ಕನ್ನಡಕ ಒರೆಸಿಕೊಂಡು ಈಗ ಮೈಸೂರಿಗೆ ಫೋನ್ ಮಾಡಿದೆ. ಆಂಟಿ ಊರಿಗೆ ಮರಳಿ ವರ್ಷಗಳಾದವು, ಎಂಬತ್ತು ದಾಟಿದೆ. ಕಪ್ಪಿನ ಚಕ್ರ ಸಾಕು, ಜರ್ಮನಿಯ ದೊಡ್ಡದನ್ನೇ ನೋಡಿಬರೋಣ, ಜೊತೆಗೆ ನಾನಿರುತ್ತೇನೆ ಎಂದೆ. ನಾನು ಮಾತು ಮುಗಿಸುವ ಮೊದಲೇ ಆಂಟಿ ಕೇಳಿದರು:

“ಫ್ಲೈಟು ಎಷ್ಟು ಹೊತ್ತಿಗೆ?”